ಟಿಳಕವಾಡಿಯ ಐರಿಶ್ ಹಳ್ಳಿ ಊಟ: ಮಸಾಲಿ ಕೇಳಬ್ಯಾಡ್ರಿ, ಬೆಣ್ಣಿ ಕೇಳ್ರಿ

ಕಾಂಟಿನೆಂಟಲ್ ಊಟ ಅಂತ ತಿಳ್ಕೊಂಡು ಹೋಗೋರು ಹೋಗಬ್ಯಾಡ್ರಿ, ಇದನ್ನ ಮೊದ್ಲ ಹೇಳಿಬಿಡ್ತೀನಿ. ಪಾಸ್ತಾ ಇಲ್ಲ, ಪಿಜ್ಜಾ ಇಲ್ಲ, ಮ್ಯಾಲ ಚೀಸ್ ಸುರದದ್ದು ಏನೂ ಇಲ್ಲ. ಐರ್ಲೆಂಡಿನ ಹಳ್ಳಿಯೊಳಗ ಒಕ್ಕಲತನ ಮಾಡೋ ಮಂದಿ ಮನಿಯಾಗ ದಿನಾ ಉಣ್ಣೋ ಊಟ ಇದು. ಬಟಾಟಿ, ಮಜ್ಜಗಿ, ಬೆಣ್ಣಿ, ಸೋಡಾ ಬ್ರೆಡ್ಡು, ಕೋಬಿ, ಓಟ್ಸಿನ ಗಂಜಿ, ಯಾವಾಗರ ಒಮ್ಮೆ ಕುದಿಸಿದ ಮಟನ್ನು. ಇಷ್ಟ ಐತಿ. ಇಷ್ಟಕ್ಕ ನಾ ಐದರಾಗ ನಾಕು ಸ್ಟಾರ್ ಕೊಡಾಕತ್ತೀನಿ. ಒಂದು ಸ್ಟಾರ್ ಯಾಕ ಹಿಡಕೊಂಡೀನಿ ಅನ್ನೋದು ಕೆಳಗ ಬರ್ತೈತಿ, ಅದರಾಗ ಅರ್ಧಾ ತಪ್ಪು ಅಡಗಿ ಮಾಡೋರದು, ಇನ್ನರ್ಧಾ ನಮ್ಮ ಬೆಳಗಾವಿ ಗಿರಾಕಿಗಳದು.

ಜಾಗಾ ಟಿಳಕವಾಡಿಯೊಳಗ, ಎರಡನೇ ರೈಲ್ವೆ ಗೇಟ್ ದಾಟಿ ಒಳಗ ಹೋದ್ರ ಬರೋ ಹಳೇ ಹಂಚಿನ ಮನಿ. ಬೋರ್ಡ್ ಇಲ್ಲ, ಹೋಟೆಲಿಗೆ ಹೆಸರೂ ಇಟ್ಟಿಲ್ಲ, ತಮ್ಮ ಹೆಸರೂ ಎಲ್ಲೂ ಹಾಕಬ್ಯಾಡ್ರಿ ಅಂತ ಹೇಳ್ಯಾರ, ಅದಕ್ಕ ನಾನೂ ಅಕ್ಕಾರು ಅಂತನ ಬರೀತೀನಿ. ಅಕ್ಕಾರು ನರ್ಸಿಂಗ್ ಕಲ್ತು ಐರ್ಲೆಂಡಿಗೆ ಹೋಗಿ, ಪಶ್ಚಿಮ ದಿಕ್ಕಿಗೆ ಸಮುದ್ರದ ಬಾಜೂಕ ಇರೋ ಮೇಯೋ ಅನ್ನೋ ಕೌಂಟಿಯೊಳಗ, ಅಂದ್ರ ನಮ್ಮ ಜಿಲ್ಲಾ ಇದ್ದಂಗ, ಭಾಳ ವರ್ಷ ಕೆಲಸ ಮಾಡಿ ವಾಪಸ್ ಬಂದವರು, ಅಲ್ಲೆ ಅವರು ಬಾಡಿಗಿಗೆ ಇದ್ದದ್ದು ದನಾ ಕುರಿ ಸಾಕಿದ ಒಬ್ಬ ರೈತರ ಮನಿ ಹಿಂದಿನ ಖೋಲ್ಯಾಗ, ಆ ಮನಿ ಅಜ್ಜಿ ಕಡೆಯಿಂದ ಈ ಅಡಗಿ ಎಲ್ಲಾ ಕಲ್ತಾರಂತ. ಈಗ ರವಿವಾರ ಅಷ್ಟ, ಮಧ್ಯಾಹ್ನ ಒಂದ್ ಗಂಟೆಕ್ಕ, ಹನ್ನೆರಡು ಮಂದಿಗೆ ಊಟ. ವೆಜ್ 400 ರೂಪಾಯಿ, ನಾನ್‌ವೆಜ್ 600. ಪಡಸಾಲಿಯೊಳಗ ಎರಡು ಉದ್ದನ್ನ ಟೇಬಲ್, ಗುರ್ತು ಇಲ್ದವರ ಬಾಜೂಕ ಕುಂತು ಉಣ್ಣಬೇಕು. ನಮಗೇನೂ ಅನಸಲಿಲ್ಲ, ಪ್ರೈವೆಸಿ ಬೇಕು ಅನ್ನೋರಿಗೆ ಸೇರಲಿಕ್ಕಿಲ್ಲ.

ರಾತ್ರಿ ಊಟ ಯಾಕ ಇಡಂಗಿಲ್ರೀ ಅಂತ ನಮ್ಮ ಮನಿಯವರು ಕೇಳಿದ್ರು. ಅಲ್ಲಿ ಹಳ್ಯಾಗ ದೊಡ್ಡ ಊಟ ಅಂದ್ರ ಮಧ್ಯಾಹ್ನದ್ದ, ಹೊಲದಾಗಿಂದ ಬಂದು ಉಂಡು ಮತ್ತ ಹೊಲಕ್ಕ ಹೋಗೋದು, ಸಂಜಿಕ್ಕ ಬರೇ ಚಹಾ, ಬ್ರೆಡ್ಡು ಬೆಣ್ಣಿ, ಇದ್ರ ಒಂದು ಕುದಿಸಿದ ತತ್ತಿ ಅಂತ ಹೇಳಿದ್ರು. ನಮ್ಮ ಅತ್ತಿಯವರಿಗೆ ಇದು ಕೇಳಿದ ಕೂಡ್ಲೆ ಭಾಳ ಸೇರಿಬಿಡ್ತು, ಅವರು ಇಂಡಿ ತಾಲೂಕಿನವರು, ರಾತ್ರಿ ಹತ್ತಕ್ಕ ಉಣ್ಣೋ ಸಿಟಿ ಮಂದಿನ್ನ ಕಂಡ್ರ ಆಗಂಗಿಲ್ಲ.

ಮೊದ್ಲ ಟೇಬಲ್ ನಡುವ ಒಂದು ಬಿದಿರಿನ ಬುಟ್ಟಿ ಬಂತು. ಅದರ ತುಂಬ ಸಿಪ್ಪಿ ಸಮೇತ ಕುದಿಸಿದ ಬಟಾಟಿ, ಹಬಿ ಆಡಾಕತ್ತಿತ್ತು, ಕೆಲವು ಸೀಳಿ ಒಳಗಿನ ಬಿಳಿ ಹಿಟ್ಟು ಕಾಣಾಕತ್ತಿತ್ತು. ಬಾಜೂಕ ಉಪ್ಪು, ಒಂದು ಬಟ್ಟಲ ಬೆಣ್ಣಿ, ಒಬ್ಬೊಬ್ಬರಿಗೆ ಒಂದೊಂದು ಲೋಟಾ ಹುಳಿ ಮಜ್ಜಗಿ. ಚಮಚಾ ಫೋರ್ಕು ಇಟ್ಟಿದ್ರು ಖರೆ, ಆದ್ರ ಅಕ್ಕಾರು ಮೊದ್ಲ ಕೈಯಿಂದ ತಿನ್ರಿ ಅಂದ್ರು, ಹೆಬ್ಬೆರಳಿನ ಉಗುರಿಲೆ ಸಿಪ್ಪಿ ಸುಲಿಯೋದು, ಉಪ್ಪಿಗೆ ಹಚ್ಚೋದು, ಮಜ್ಜಗಿ ಕುಡಿಯೋದು. ಹಿಂದಕ ಅಲ್ಲಿ ಬಡವರ ಮನ್ಯಾಗ ಬಟಾಟಿ ಬಸಿದ ಬುಟ್ಟಿನ ಅದ ಗಡಿಗಿ ಮ್ಯಾಲ ಇಟ್ಟು, ಸುತ್ತಲೂ ಮನಿ ಮಂದೆಲ್ಲ ಕುಂತು ಹಿಂಗ ಉಣ್ಣತಿದ್ರಂತ, ಅದ ಟೇಬಲ್ಲು, ಅದ ತಾಟು. ಸುತ್ತ ಕುಂತು ಒಂದ ಬುಟ್ಟ್ಯಾಗ ಕೈ ಹಾಕೋದು ನಮಗೇನ್ ಹೊಸಾದಲ್ಲ, ಬಾಜೂಕಿನ ಟೇಬಲ್ಲಿನ ಇಂಜಿನಿಯರಿಂಗ್ ಹುಡುಗೂರು ಮಾತ್ರ ಭಾಳ ಹೊತ್ತು ಫೋರ್ಕ್ ಹಿಡ್ಕೊಂಡ ಕುಂತಿದ್ವು.

ಇದರಾಗ ಬಡತನದ್ದೊಂದು ಚ್ಯಾಷ್ಟಿ ಐತಿ, ಅಕ್ಕಾರು ಹೇಳಿದ್ದು. ಒಲಿ ಮ್ಯಾಲ ಹಂದಿ ಮಾಂಸದ ತುಂಡೋ, ಒಣಗಿಸಿದ ಮೀನೋ ಒಂದು ಜೋತು ಬಿಟ್ಟಿರೋರಂತ. ಅದನ್ನ ತಿನ್ನೋ ಭಾಗ್ಯ ಇಲ್ಲ, ಕೈಯಾಗಿನ ಬಟಾಟಿನ್ನ ಅದರ ಕಡೆ ತೋರಿಸಿ ಬಾಯಾಗ ಹಾಕೋದು, ರುಚಿ ಬಂತು ಅಂತ ತಿಳ್ಕೊಳೋದು. ನಮ್ಮ ಅತ್ತಿಯವರು ನಗಲಿಲ್ಲ. “ಉಳ್ಳಾಗಡ್ಡಿ ಸೈತ ಇಲ್ದ ಒಣಾ ರೊಟ್ಟಿ ತಿಂದವರಿಗೆ ತಿಳಿತೈತಿ ಬಿಡವಾ ಅದು” ಅಂದು ಮಜ್ಜಗಿ ಕುಡದ್ರು.

ಈ ಬಟಾಟಿ ಅಲ್ಲಿ ಹುಟ್ಟಿದ್ದಲ್ಲ, ಅಮೆರಿಕಾ ಕಡೆಯಿಂದ 16ನೇ ಶತಮಾನದ ಕೊನಿಗೆ ಬಂದದ್ದು. ಬಂದು ನೂರಾರು ವರ್ಷದಾಗ ಬಡವರ ಹೊಟ್ಟಿ ಪೂರ್ತಿ ಅದರ ಮ್ಯಾಲ ನಿಂತಬಿಡ್ತು, ಯಾಕಂದ್ರ ತುಣುಕು ಭೂಮ್ಯಾಗ ಇಡೀ ಮನಿಗೆ ಸಾಲುವಷ್ಟು ಬೆಳೀತಿತ್ತು, ಛಲೋ ಹೊಲ ಎಲ್ಲಾ ಜಮೀನ್ದಾರರ ಗೋಧಿಗೆ, ದನಕ್ಕ ಹೋಗ್ತಿತ್ತು. ದುಡಿಯೋ ಗಂಡಸು ದಿನಕ್ಕ ಸುಮಾರು 5 ಕಿಲೋ ಬಟಾಟಿ ತಿಂತಿದ್ದ ಅಂದ್ರ ನಂಬಾಕ ಆಗಂಗಿಲ್ಲ, ಆದ್ರ ಬ್ಯಾರೆ ಏನೂ ಇಲ್ದಾಗ ಅಷ್ಟ ಬೇಕಲ್ರೀ. ಬಟಾಟಿ ಮಜ್ಜಗಿ ಎರಡ ಇದ್ರೂ ಮೈಗೆ ಬೇಕಾದ್ದು ಹೆಚ್ಚೂ ಕಡಿಮಿ ಎಲ್ಲಾ ಸಿಗ್ತಿತ್ತು, ಬಡವರಾದ್ರೂ ಗಟ್ಟಿಮುಟ್ಟ ಇದ್ರು. 1845ರಾಗ ಬೆಳಿಗೆ ಬೂಜು ರೋಗ ಬಿತ್ತು, ಹೊಲದಾಗ ಎಲಿ ಕಪ್ಪಾಗಿ ಗಡ್ಡಿ ಭೂಮ್ಯಾಗ ಕೊಳತು ಹೋದ್ವು, ಮುಂದಿನ ವರ್ಷ ಬೆಳಿ ಪೂರ್ತಿ ಹೋತು. 1852ರ ತನಕ ನಡೀತು ಅದು. ಹತ್ತು ಲಕ್ಷದಷ್ಟು ಮಂದಿ ಸತ್ರು, ಅದಕ್ಕೂ ಹೆಚ್ಚು ಮಂದಿ ಹಡಗ ಹತ್ತಿ ಊರು ಬಿಟ್ಟು ಹೋದ್ರು. ಅಕ್ಕಾರು ಇದ್ದ ಮೇಯೋ ಕೌಂಟಿಯೊಳಗ 1841ರಾಗ 3.88 ಲಕ್ಷ ಜನ ಇದ್ರು, 2022ರ ಜನಗಣತಿಯೊಳಗ 1.38 ಲಕ್ಷ. ಇವತ್ತಿಗೂ ತುಂಬಿಲ್ಲ ಆ ಊರುಗಳು. ಅದೇ ಹೊತ್ತಿನ್ಯಾಗ ಅಲ್ಲಿಂದ ಧಾನ್ಯ, ಬೆಣ್ಣಿ, ದನಾ ಇಂಗ್ಲೆಂಡಿಗೆ ಹಡಗಿನ್ಯಾಗ ಹೊಂಟಿದ್ವು. 1876-78ರ ಬರಗಾಲದಾಗ, ಬಾಗಲಕೋಟಿ ವಿಜಯಪುರ ಎಲ್ಲಾ ಕಲಾದಗಿ ಜಿಲ್ಲಾ ಅಂತಿದ್ದಾಗ, ನಮ್ಮ ಕಡೆ ಮಂದಿ ಹುಳದಂಗ ಸಾಯಾಕತ್ತಿದ್ರು, ಹಿಂದೂಸ್ತಾನದಿಂದ ಗೋಧಿ ಹೊರಗ ಹೊಂಟಿತ್ತು. ಆಳೋರು ಬ್ರಿಟಿಷರ ಅಲ್ಲೂ, ಬ್ರಿಟಿಷರ ಇಲ್ಲೂ. ಊಟದ ರಿವ್ಯೂದಾಗ ಇದೆಲ್ಲ ಯಾಕ ಅಂದ್ರ, ಆ ಬುಟ್ಟಿ ಮುಂದ ಕುಂತು ಬರೇ ಬಟಾಟಿಗೆ ನಾನೂರು ರೂಪಾಯಿ ಏನ್ರೀ ಅಂತ ಒಬ್ಬರು ಗೊಣಗಾಕತ್ತಿದ್ರು, ಅದಕ್ಕ.

ಇನ್ನ ಬಟಾಟಿ ಕ್ವಾಲಿಟಿ ವಿಷಯ. ಅಲ್ಲಿ ಮಂದಿಗೆ ಹಿಟ್ಟಿನಂಥಾ ಬಟಾಟಿ ಬೇಕು, ಕುದ್ದ ಮ್ಯಾಲ ಉದುರುದುರು ಆಗೋದು, ಕೆರ್ಸ್ ಪಿಂಕ್, ರೂಸ್ಟರ್ ಅಂತ ಜಾತಿ ಅದಾವ ಅವರಲ್ಲಿ. ನಮ್ಮ ಬೆಳಗಾವಿ ಸುತ್ತಲಿನ ಮಳಿಗಾಲದ ಬಟಾಟಿ ಪಲ್ಯಾಕ್ಕ ಭಾಳ ಛಲೋ, ಆದ್ರ ಇದಕ್ಕ ನೀರು ಹೆಚ್ಚಾಗ್ತೈತಿ. ಅಕ್ಕಾರು ಅದಕ್ಕ ಕುದಿಸಿ ನೀರು ಬಸಿದು, ಗಡಿಗಿ ಮ್ಯಾಲ ಒಣಾ ಟವೆಲ್ ಮುಚ್ಚಿ ಸಣ್ಣ ಉರಿ ಮ್ಯಾಲ ಹಬಿ ಹೋಗೋ ತನಕ ಇಡ್ತಾರ, ಅರ್ಧಾ ಕೆಲಸ ಆಗ್ತೈತಿ ಇದರಿಂದ. ಆದ್ರ ಬ್ಯಾಸಿಗಿಯೊಳಗ ಹೋದಾಗ ಬಟಾಟಿ ಸಿಹಿ ಹತ್ತಿತ್ತು, ಗೆಣಸಿನಷ್ಟು ಅಲ್ಲ, ಆದ್ರ ತಿಳೀತಿತ್ತು. ಕೋಲ್ಡ್ ಸ್ಟೋರೇಜಿನ್ಯಾಗ ಭಾಳ ಥಂಡಿಗೆ ಇಟ್ರ ಬಟಾಟ್ಯಾಗಿನ ಪಿಷ್ಟ ಸಕ್ಕರಿ ಆಗ್ತೈತಿ, ಅದು ಉಪ್ಪು ಬೆಣ್ಣಿಲೆ ಮುಚ್ಚಿ ಹೋಗಂಗಿಲ್ಲ. ಖಾರದ ಪಲ್ಯಾ ಆದ್ರ ನಡೀತಿತ್ತು, ಇಲ್ಲಿ ಬಟಾಟಿ ಒಂದ ಇರೋದ್ರಿಂದ ಅದಕ್ಕ ಮರೀಗೆ ನಿಲ್ಲಾಕ ಏನೂ ಇಲ್ಲ. ಐರ್ಲೆಂಡಿನ ಹಳ್ಯಾಗ ಹೊಲದಾಗನ ತಗ್ಗು ತೋಡಿ ಹುಲ್ಲು ಹಾಸಿ ಮಣ್ಣು ಮುಚ್ಚಿ ಬಟಾಟಿ ಇಡ್ತಿದ್ರಂತ, ನಮ್ಮ ಹಗೇವು ಇದ್ದಂಗ. ಬ್ಯಾಸಿಗಿಯೊಳಗ ಕೋಲ್ಡ್ ಸ್ಟೋರೇಜ್ ಮಾಲ್ ತರೋದು ಬಿಟ್ಟು ಎರಡು ತಿಂಗಳು ಬಂದ್ ಇಟ್ರೂ ಅಡ್ಡಿಲ್ಲ ಅಂತ ನನ್ನ ಅಭಿಪ್ರಾಯ.

ಈಗ ಸೋಡಾ ಬ್ರೆಡ್ಡು. ನಾ ಮತ್ತ ಮತ್ತ ಹೋಗೋದ ಇದರ ಸಲುವಾಗಿ. ಬೇಕರಿ ಬ್ರೆಡ್ಡಿಗೂ ಇದಕ್ಕೂ ಸಂಬಂಧ ಇಲ್ಲ, ಈಸ್ಟ್ ಹಾಕಂಗಿಲ್ಲ, ತತ್ತಿ ಹಾಕಂಗಿಲ್ಲ, ಹಿಟ್ಟು, ಉಪ್ಪು, ತಿನ್ನೋ ಸೋಡಾ, ಹುಳಿ ಮಜ್ಜಗಿ, ಮುಗೀತು. ಮಜ್ಜಗಿ ಹುಳಿ ಸೋಡಾಕ್ಕ ತಾಗಿದ ಕೂಡ್ಲೆ ಗುಳ್ಳಿ ಏಳ್ತಾವ, ಆ ಗುಳ್ಳಿನ ಬ್ರೆಡ್ಡು ಉಬ್ಬಿಸ್ತಾವ, ಅದಕ್ಕ ನಾದಿಕೊಂತ ಕೂಡಂಗಿಲ್ಲ, ಕೈಲೆ ಒಂದೆರಡು ಸುತ್ತು ಕೂಡಿಸಿ ದುಂಡಗ ಮಾಡಿ ನಡುವ ಅಧಿಕ ಚಿಹ್ನಿ ಹಂಗ ಕೊಯ್ದು ಬೆಂಕಿಗೆ ಇಡೋದು, ತಡಾ ಮಾಡಿದ್ರ ಗುಳ್ಳಿ ಹೋಗಿ ಕಲ್ಲಾಗ್ತೈತಿ. ಆ ಕೊಯ್ದದ್ದು ನಡುವಿನ ತನಕ ಬೇಯಲಿ ಅಂತ, ಮುರಿಯಾಕೂ ಸಸಾರ ಆಗ್ತೈತಿ. ಅಜ್ಜಿಗೋಳು ಮಾತ್ರ ಒಳಗಿನ ಯಕ್ಷಿಣಿ ಹೊರಗ ಹೋಗಲಿ ಅಂತಾರಂತ, ನಮ್ಮ ಅತ್ತಿಯವರು “ಹಂಗಾರ ನಾವೂ ಕಡಬಿಗೆ ತೂತು ಹಾಕಬೇಕಿತ್ತು” ಅಂದು ಅಲ್ಲಿದ್ದವರನ್ನೆಲ್ಲ ನಗಿಸಿದ್ರು.

ಈ ಬ್ರೆಡ್ಡೂ ಭಾಳ ಹಳೇದೇನಲ್ಲ, ಸೋಡಾ ಅಂಗಡ್ಯಾಗ ಸಿಗಾಕ ಹತ್ತಿದ ಮ್ಯಾಲ, ಅಂದ್ರ 1830ರ ಆಚೆ ಈಚೆಯಿಂದ ಬಂದದ್ದು. ಅಲ್ಲಿ ಮಳಿ ಥಂಡ್ಯಾಗ ಬೆಳಿಯೋ ಗೋಧಿ ಮೆತ್ತಗ, ಜಿಗುಟು ಕಡಿಮಿ, ಈಸ್ಟಿಗೆ ಏಳಂಗಿಲ್ಲ, ಸೋಡಾಕ್ಕ ಸರಿ ಕೂಡ್ತೈತಿ. ನಮ್ಮ ಗಿರಣಿ ಹಿಟ್ಟು ಹಾಕಿದ್ರ ಜಿಗುಟು ಬಂದು ಜಗ್ಗಿದಂಗ ಆಗ್ತಿತ್ತಂತ, ಅಕ್ಕಾರು ಮೈದಾ ಕೂಡಿಸಿ ನೋಡಿದ್ರು, ಕಡೀಕ ಖಪಲಿ ಗೋಧಿ ಹಿಟ್ಟು ಹಿಡಿದ್ರು. ಹುಗ್ಗಿ ಮಾಡ್ತೀವಲ್ಲ ಅದ ಗೋಧಿ. ಅದರಾಗ ಜಿಗುಟಿನ ಜೋರು ಕಡಿಮಿ, ಜವಾರಿ ವಾಸನಿ ಬ್ಯಾರೆ. ಮುಕ್ಕಾಲು ಖಪಲಿ, ಕಾಲು ಮೈದಾ, ಒಂದು ಹಿಡಿ ಓಟ್ಸ್ ಹಾಕ್ತಾರ ಈಗ. ನಾ ಹೇಳ್ತೀನಿ ನೋಡ್ರಿ, ಊಟದಾಗ ಬೆಳಗಾವಿದು ಅಂತ ಒಂದು ಬದಲಾವಣಿ ಮಾಡಿದ್ದು ಪೂರ್ತಿ ಗೆದ್ದದ್ದು ಅಂದ್ರ ಇದೊಂದ.

ಬೇಯಿಸೋದು ಹಿತ್ತಲದಾಗ. ಮೂರು ಕಾಲಿನ ಬೀಡಿನ ಗಡಿಗಿ, ಸಪಾಟ ಮುಚ್ಚಳಾ, ಕೆಳಗ ಕೆಂಡ, ಮುಚ್ಚಳದ ಮ್ಯಾಲೂ ಕೆಂಡ. ಐರ್ಲೆಂಡಿನ ಹಳ್ಳಿಗೆ ಕರೆಂಟ್ ಬರಾಕ ಹತ್ತಿದ್ದು 1946ರ ನಂತರ, ಅಲ್ಲೀತನಕ ಎಷ್ಟೋ ಮನ್ಯಾಗ ಒಲಿ ಅಂದ್ರ ನೆಲದ ಮ್ಯಾಲಿನ ಬೆಂಕಿನ, ಬ್ರೆಡ್ಡು ಇಂಥಾ ಗಡಿಗ್ಯಾಗ ಆಗ್ತಿತ್ತು. ಉರಿಗೆ ಕಟಿಗಿ ಅಲ್ಲ, ಜೌಗು ನೆಲದಾಗಿಂದ ಇಟ್ಟಂಗಿ ಹಂಗ ಕಡದು ಬಿಸಲಿಗೆ ಒಣಗಿಸಿದ ಟರ್ಫ್ ಅಂತ. ಇಲ್ಲಿ ಅಕ್ಕಾರು ಕುಳ್ಳು ಕಟಿಗಿ ಎರಡೂ ಹಚ್ತಾರ. ಬೆಂದ ಮ್ಯಾಲ ತಳಕ್ಕ ಬೆರಳಿಲೆ ಬಡಿದು ಪೊಳ್ಳ ಸಪ್ಪಳ ಬಂತಂದ್ರ ಆತು. ಆಮ್ಯಾಲ ಅರಬಿಯೊಳಗ ಸುತ್ತಿ ಇಡ್ತಾರ, ಮ್ಯಾಲಿನ ಪದರು ಬಿರುಸಾಗಬಾರದು ಅಂತ. ಬಿಸಿ ಇರೋವಾಗ ಕೈಲೆ ಮುರದು ಬೆಣ್ಣಿ ಹಚ್ಚಿದ್ರ, ಬ್ಯಾರೆ ಊಟ ಬ್ಯಾಡ ಅನಸ್ತೈತಿ. ಸಂಜಿಕ ಮಾತ್ರ ಒಣಗಿ ಉದುರಾಕ ಹತ್ತತೈತಿ, ಮರುದಿನ ಹಂಚಿನ ಮ್ಯಾಲ ಕಾಯಿಸಿಕೊಂಡ ತಿನ್ನಬೇಕು.

ಬೆಣ್ಣಿ ಬಗ್ಗೆ ಒಂದು ಮಾತು. ಅಲ್ಲಿ ಬೆಣ್ಣಿ ಹಳದಿ, ಹಸುಗೋಳು ವರ್ಷದಾಗ ಹೆಚ್ಚು ದಿನ ಹಸಿ ಹುಲ್ಲು ಮೇಯ್ತಾವ, ಹುಲ್ಲಿನ ಬಣ್ಣ ಬೆಣ್ಣಿಗೆ ಇಳೀತೈತಿ. ನಮ್ದು ಎಮ್ಮಿದು, ಎಷ್ಟ ಹಸಿ ಮೇಯ್ಸಿದ್ರೂ ಬೆಳ್ಳಗ. ಅಕ್ಕಾರು ಎಮ್ಮಿ ಬೆಣ್ಣಿಗೇ ಉಪ್ಪು ಕೂಡಿಸಿ ಕೊಡ್ತಾರ, ಬಣ್ಣ ಹಾಕಂಗಿಲ್ಲ, ಛಲೋ ಮಾಡ್ಯಾರ. 1770ರಾಗ ಚಾಲೂ ಆದ ಕಾರ್ಕ್ ಊರಿನ ಬೆಣ್ಣಿ ಪೇಟಿ ಒಂದ್ ಕಾಲಕ್ಕ ಜಗತ್ತಿನ್ಯಾಗ ಎಲ್ಲಾಕಿಂತ ದೊಡ್ಡದಿತ್ತು, ಪಿಪಾಯಿಗಟ್ಲೆ ಉಪ್ಪ ಬೆಣ್ಣಿ ಸಮುದ್ರ ದಾಟಿ ಹೋಗ್ತಿತ್ತು. ಆದ್ರ ಕಡದ ಹೆಣ್ಮಗಳ ಮನ್ಯಾಗ ಬೆಣ್ಣಿ ಉಳೀತಿರಲಿಲ್ಲ, ಬೆಣ್ಣಿ ಮಾರಿ ಭೂಮಿ ಬಾಡಿಗಿ ಕಟ್ಟೋದು, ಮಜ್ಜಗಿ ಮಕ್ಕಳಿಗೆ. ಇದನ್ನ ಕೇಳಿ ಅತ್ತಿಯವರು ತಮ್ಮ ತೌರಮನಿ ಸುದ್ದಿ ಶುರು ಮಾಡಿದ್ರು, ಅದನ್ನ ಬರೀಲಿಕ್ಕ ಹೋದ್ರ ರಿವ್ಯೂ ಮುಗಿಯಂಗಿಲ್ಲ.

ವೆಜ್ ತಾಟಿನ್ಯಾಗ ಕೋಲ್‌ಕ್ಯಾನನ್ ಇರ್ತೈತಿ. ಬಟಾಟಿ ಮೆತ್ತಗ ಅರದು, ಅದರಾಗ ಕುದಿಸಿದ ಕೋಬಿನೋ ಕೇಲ್ ಅನ್ನೋ ತಪ್ಪಲಾನೋ ಕೂಡಿಸಿ, ಬಿಸಿ ಹಾಲು, ಉಳ್ಳಾಗಡ್ಡಿ ತಪ್ಪಲಾ ಹಾಕಿ, ನಡುವ ತಗ್ಗು ಮಾಡಿ ಬೆಣ್ಣಿ ಬಿಡೋದು. ದಂಡ್ಯಾಗಿಂದ ತಗೊಂಡು ನಡುವಿನ ಬೆಣ್ಯಾಗ ಅದ್ದಿ ತಿನ್ನಬೇಕು. ಅಲ್ಲಿ ಅಕ್ಟೋಬರ್ 31ಕ್ಕ ಹ್ಯಾಲೊವೀನ್ ದಿವಸ ಇದರೊಳಗ ಉಂಗರಾ, ನಾಣ್ಯ ಮುಚ್ಚಿ ಇಡ್ತಿದ್ರಂತ, ಉಂಗರಾ ಸಿಕ್ಕವರಿಗೆ ಆ ವರ್ಷ ಲಗ್ನ. ಕೋಬಿ ಎಲ್ಲರೂ ಮಾಡ್ತಾರ ಬಿಡ್ರಿ, ನಮ್ಮ ಸಲಹಾ ಕೇಳಿದ್ರ ರಾಜಗಿರಿ ತಪ್ಪಲಾ ಹಾಕಿ ನೋಡ್ರಿ ಅಂದೀನಿ, ನೋಡೋಣು. ಅಕ್ಕಾರು ಮಾಡೋ ಕೋಲ್‌ಕ್ಯಾನನ್ ಒಂದೊಂದ್ ಸಲ ಭಾಳ ನಯಾ ಆಗಿರ್ತೈತಿ, ಮಿಕ್ಸರಿಗೆ ಹಾಕ್ಯಾರೇನೋ ಅನಸ್ತೈತಿ, ಸ್ವಲ್ಪ ಗಂಟು ಇರಬೇಕು.

ಬಾಕ್ಸ್‌ಟಿ ಅಂತ ಇನ್ನೊಂದು ಕೊಡ್ತಾರ, ಹಸಿ ಬಟಾಟಿ ಹೆರದು ಹಿಂಡಿ, ಅದಕ್ಕ ಕುದಿಸಿ ಅರದ ಬಟಾಟಿ, ಹಿಟ್ಟು, ಮಜ್ಜಗಿ ಕೂಡಿಸಿ ಹಂಚಿನ ಮ್ಯಾಲ ದಪ್ಪ ದೋಸಿ ಹಂಗ ಹಾಕೋದು. ಲೀಟ್ರಿಮ್, ಕ್ಯಾವನ್, ಮೇಯೋ, ಆ ಕಡೆ ಮಂದೀದು ಇದು, ಇಡೀ ದೇಶದ್ದಲ್ಲ. ದಂಡಿ ಗರಿಗರಿ, ಒಳಗ ಮೆತ್ತಗ. ಹಂಚಿನಿಂದ ನೇರ ತಾಟಿಗೆ ಬಂದ್ರ ಹತ್ತಕ್ಕ ಹತ್ತು ಮಾರ್ಕ್ಸು, ಆದ್ರ ಹನ್ನೆರಡು ಮಂದಿಗೆ ಒಬ್ಬರ ಹಾಕೋದ್ರಿಂದ ಕಡೀ ಟೇಬಲ್ಲಿಗೆ ಬರೋದ್ರಾಗ ಮೆತ್ತಗಾಗಿ ರಬ್ಬರ್ ಆಗಿರ್ತೈತಿ. ಅಡಗಿ ಮನಿ ಬಾಗಿಲದ ಬಾಜೂಕ ಜಾಗಾ ಹಿಡೀರಿ.

ಇಲ್ಲಿ ಅತ್ತಿಯವರ ಬಗ್ಗೆ ಬರೀಲೇಬೇಕು. ಊಟಕ್ಕ ಬರೋ ಮುಂದ ಅವರು ಬ್ಯಾಗಿನ್ಯಾಗ ರಂಜಕದ ಡಬ್ಬಿ ಇಟ್ಕೊಂಡು ಬಂದಿದ್ರು, “ಖಾರ ಇಲ್ದ ಊಟಾ ಬ್ಯಾನಿ ಬಿದ್ದವರಿಗೆ” ಅಂತ. ಬಾಕ್ಸ್‌ಟಿ ಮ್ಯಾಲ ಒಂದಿಷ್ಟು ಹಚ್ಚಿಕೊಂಡ್ರು, ನನಗೂ ಕೊಟ್ರು, ಖರೇನ ಭಾರಿ ಆಗಿತ್ತು. ಅಕ್ಕಾರು ನೋಡಿ ಬ್ಯಾಸರಾ ಮಾಡ್ಕೊಳ್ಳಲಿಲ್ಲ, “ಅವ್ವಾರ, ನನಗೂ ಒಂದ್ ಚೂರು ಕೊಡ್ರಿ” ಅಂದು ಕೈ ಒಡ್ಡಿದ್ರು. ಸಣ್ಣ ಬಟ್ಟಲದಾಗ ಓಟ್ಸಿನ ಗಂಜಿ ಕೊಟ್ಟಾಗ, ಅದು ರಾತ್ರಿ ನೆನಸಿಟ್ಟು ಮುಂಜಾನೆ ಉಪ್ಪು ಹಾಕಿ ಕುದಿಸಿದ್ದು, ಅತ್ತಿಯವರು ಮಜ್ಜಗಿ ಸುರಕೊಂಡು ಉಂಡು, ಇದೇನ ನುಚ್ಚು ಮಜ್ಜಗಿನ ಐತಲ್ಲ ಅಂದು ಇನ್ನೊಂದ್ ಬಟ್ಟಲ ತರಿಸ್ಕೊಂಡ್ರು. ಬಾಜೂಕಿನವರು ಅದಕ್ಕ ಜೇನು ಹಾಕಿ ಬಾಳೆಹಣ್ಣು ಹೆಚ್ಚಿ ಕೊಡ್ರಿ ಅಂತ ಕೇಳಾಕತ್ತಿದ್ರು.

ಈಗ ಆ ಕಡಿಮಿ ಆದ ಸ್ಟಾರಿನ ವಿಷಯಕ್ಕ ಬರ್ತೀನಿ. ಐರಿಶ್ ಸ್ಟ್ಯೂ ಅಂದ್ರ ಮಟನ್ನು, ಬಟಾಟಿ, ಉಳ್ಳಾಗಡ್ಡಿ, ನೀರು, ಉಪ್ಪು, ಕರಿ ಮೆಣಸು. ಗಜ್ಜರಿ ಹಾಕಬೇಕೋ ಬ್ಯಾಡೋ ಅಂತನ ಅಲ್ಲಿ ಮಂದಿ ಜಗಳಾಡ್ತಾರ, ಅಷ್ಟು ಖಟಿಪಿಟಿ. ಬೆಳದ ಕುರಿದು ಕುತ್ತಿಗಿ ತುಂಡು, ಎಲಬು ಸಮೇತ, ಸಣ್ಣ ಉರಿ ಮ್ಯಾಲ ತಾಸುಗಟ್ಲೆ ಇಟ್ರ ಅರ್ಧಾ ಬಟಾಟಿ ಕರಗಿ ಸಾರು ತಾನ ಗಟ್ಟಿ ಆಗ್ತೈತಿ, ಇನ್ನರ್ಧಾ ಹೋಳಾಗಿ ಉಳೀತಾವ. ಉಣ್ಣೆ ಕೊಟ್ಟು, ಹಾಲು ಕೊಟ್ಟು ಮುಪ್ಪಾದ ಕುರಿನ ಹಿಂಗ ಗಂಟೆಗಟ್ಲೆ ಕುದಿಸಿದ್ರನ ಹಲ್ಲಿಗೆ ಬರ್ತಿತ್ತು, ಅದಕ್ಕ ಹುಟ್ಟಿದ ಅಡಗಿ ಅದು. ಮೊದ್ಲ ಹೋದಾಗ ಅಕ್ಕಾರು ಹಂಗ ಮಾಡಿದ್ರು. ನಾ ಮೊದ್ಲನೇ ತುತ್ತಿಗೆ ಸಪ್ಪಗ ಐತಿ ಅಂದೆ, ನಾಕನೇ ತುತ್ತಿಗೆ ಸುಮ್ನಾದೆ, ಯಾಕಂದ್ರ ಆಗ ಮಟನ್ ಮಟನ್ನಿನ ಹಂಗ ರುಚಿ ಹತ್ತಾಕತ್ತಿತ್ತು, ನಮ್ಮ ಮಸಾಲ್ಯಾಗ ಅದು ತಿಳಿಯೋದ ಇಲ್ಲ. ಮುಂದ ಹೋದಾಗ ನೋಡಿದ್ರ ಸ್ಟ್ಯೂದಾಗ ಗರಂ ಮಸಾಲಿ, ಹಸಿ ಮೆಣಸಿನಕಾಯಿ, ಶುಂಠಿ ಬೆಳ್ಳುಳ್ಳಿ ಪೇಸ್ಟು, ಮ್ಯಾಲ ಕೊತ್ತಂಬರಿ. ಯಾಕ್ರೀ ಅಕ್ಕಾರ ಅಂತ ಕೇಳಿದ್ರ, “ಏನ್ ಮಾಡ್ಲೆವಾ, ಬಂದವರೆಲ್ಲ ಸಪ್ಪಗ ಸಪ್ಪಗ ಅಂತಾರ, ಒಬ್ಬರು ರೊಕ್ಕಾ ವಾಪಸ್ ಕೇಳಿದ್ರು” ಅಂದ್ರು.

ಆ ಸ್ಟ್ಯೂ ಕೆಟ್ಟಿರಲಿಲ್ಲ. ಖಾನಾವಳಿ ಮಟನ್ ರಸ್ಸಾದಾಗ ಬಟಾಟಿ ಹಾಕಿದಂಗ ಇತ್ತು, ಅದಕ್ಕ ಆರುನೂರು ಕೊಟ್ಟು ಟಿಳಕವಾಡಿಗೆ ಯಾಕ ಬರಬೇಕು, ಅದು ಬೆಳಗಾವಿಯೊಳಗ ಎಲ್ಲಿ ಬೇಕಾದಲ್ಲಿ ಸಿಗ್ತೈತಿ. ರಂಜಕ ತಾಟಿನ ದಂಡಿಗೆ ಇಟ್ಕೊಂಡು ತಿನ್ನೋದು ಬ್ಯಾರೆ, ಅದು ಉಣ್ಣೋರ ಖುಷಿ. ಗಡಿಗ್ಯಾಗ ಮಸಾಲಿ ಸುರದ್ರ ಎಲ್ಲರ ತಾಟೂ ಒಂದ ಆಗ್ತೈತಿ. ಮರ್ಟಲ್ ಅಲನ್ ಅಂತ ಒಬ್ಬ ರೈತರ ಮನಿ ಹೆಣ್ಮಗಳು, ಕಾರ್ಕ್ ಕೌಂಟಿಯ ಬ್ಯಾಲಿಮಲೂ ಅನ್ನೋ ತಮ್ಮ ಮನ್ಯಾಗಿನ ಊಟದ ಖೋಲಿನ 1964ರಾಗ ರೆಸ್ಟೋರೆಂಟ್ ಮಾಡಿದ್ರು, ಸುತ್ತಲಿನ ಹೊಲದಾಗ ಆ ದಿನ ಏನ್ ಬಂತೋ ಅದನ್ನ ಅಡಗಿ ಮಾಡಿ ಬಡಿಸ್ತಿದ್ರು, ಫ್ರೆಂಚ್ ಊಟ ಅಂದ್ರನ ದೊಡ್ಡಸ್ತಿಕಿ ಅನ್ನೋ ಕಾಲದಾಗ. ಮುಂದ ಆ ಊಟಕ್ಕ ಮಿಶೆಲಿನ್ ಸ್ಟಾರೂ ಬಂತು, ಹೋಟೆಲಿನವರಿಗೆ ಅದು ಭಾಳ ದೊಡ್ಡ ಮಾನ. ಆ ಹೆಣ್ಮಗಳು ಗಿರಾಕಿ ಹೇಳಿದಂಗ ಬದಲಿ ಮಾಡಿದ್ರ ಆಗ್ತಿತ್ತೇನು? ನಾ ಇದನ್ನ ಅಕ್ಕಾರ ಮುಂದ ಹೇಳಿದೆ. ಈಗ ಬುಕ್ಕಿಂಗ್ ಮಾಡೋ ಮುಂದ ಸಾದಾ ಬೇಕೋ ಮಸಾಲಿ ಬೇಕೋ ಅಂತ ಕೇಳ್ತಾರ, ಎರಡು ಗಡಿಗಿ ಇಡ್ತಾರ. ದಯಮಾಡಿ ಸಾದಾ ಅನ್ರಿ, ಇಲ್ಲಂದ್ರ ಆ ಗಡಿಗಿ ಒಂದಿನ ಒಲಿ ಇಳೀತೈತಿ.

ಹಂದಿ ಮಾಂಸದ ಬೇಕನ್ನು, ಕೋಬಿ, ಇದು ಅಲ್ಲಿ ಮನಿಗಳೊಳಗ ಭಾಳ ನಡಿಯೋ ಊಟ, ಉಪ್ಪಿನ್ಯಾಗ ಇಟ್ಟ ಮಾಂಸ ಕುದಿಸಿ ಅದ ನೀರಿನ್ಯಾಗ ಕೋಬಿ ಬೇಯಿಸ್ತಾರ, ಮ್ಯಾಲ ಪಾರ್ಸ್ಲಿ ಹಾಕಿದ ಬಿಳಿ ಸಾಸು. ಮೊದಲ ಹೇಳಿದ್ರ ಅಷ್ಟ ಮಾಡ್ತಾರ, ಬ್ಯಾರೆ ಪಾತ್ರಿ, ಬ್ಯಾರೆ ಒಲಿ. ನಾವು ತಿನ್ನಂಗಿಲ್ಲ, ಕ್ಯಾಂಪ್ ಕಡೆಯಿಂದ ಬಂದಿದ್ದ ಒಂದು ಜೋಡಿ ತಿಂದು ಭಾಳ ಹೊಗಳಿದ್ರು. ಕಾರ್ನ್ಡ್ ಬೀಫ್, ಅಂದ್ರ ಉಪ್ಪಿನ್ಯಾಗ ಇಟ್ಟ ದನದ ಮಾಂಸ, ಐತೇನು ಅಂತ ಒಬ್ಬರು ಕೇಳಿದ್ರು, ಅದು ಅಮೆರಿಕಾಕ್ಕ ಹೋದ ಐರಿಶ್ ಮಂದಿ ರೂಢಿ ಮಾಡ್ಕೊಂಡದ್ದು, ಹಳ್ಳಿ ಮನಿ ಊಟ ಅಲ್ಲ.

ಸಿಹಿ ಸಣ್ಣ ಬಟ್ಟಲದಾಗ. ಕ್ಯಾರಗೀನ್ ಅನ್ನೋ ಸಮುದ್ರದ ಪಾಚಿ, ಅಲ್ಲಿ ದಂಡಿ ಮ್ಯಾಲಿನ ಮಂದಿ ಬಂಡೆಗಲ್ಲಿನಿಂದ ಕಿತ್ತು ಬಿಸಲಿಗೆ ಒಣಗಿಸಿ ಇಡ್ತಾರ, ಅದನ್ನ ಹಾಲಿನ್ಯಾಗ ಕುದಿಸಿ ಸೋಸಿ ಥಂಡಿ ಮಾಡಿದ್ರ ತಾನ ಗಟ್ಟಿ ಆಗ್ತೈತಿ. ಜಿಲೆಟಿನ್ ಇಲ್ಲ, ತತ್ತಿ ಇಲ್ಲ, ಅತ್ತಿಯವರು ಸೈತ ತಿಂದ್ರು. ಸಮುದ್ರದ ವಾಸನಿ ಒಂಚೂರು ಐತಿ, ನನಗ ಅಷ್ಟೇನ್ ಸೇರಲಿಲ್ಲ. ಬಾರ್ಮ್‌ಬ್ರ್ಯಾಕ್ ಅಂತ ಚಹಾದಾಗ ನೆನಸಿದ ಒಣದ್ರಾಕ್ಷಿ ಹಾಕಿದ ಬ್ರೆಡ್ಡು ಅಕ್ಟೋಬರಿನ್ಯಾಗ ಅಷ್ಟ ಮಾಡ್ತಾರ, ಅದರಾಗ ತತ್ತಿ ಐತಿ, ಕೇಳಿ ತಿನ್ರಿ. ದ್ರಾಕ್ಷಿ ನಮ್ಮ ವಿಜಯಪುರದ್ದು, ಮತ್ತೇನ್ ಹೇಳಬೇಕು.

ಚಹಾ ಮಾತ್ರ ಭಾರಿ ಕಡಕ್. ಐರ್ಲೆಂಡಿನವರು ಚಹಾ ಕುಡಿಯೋದ್ರಾಗ ಜಗತ್ತಿನ್ಯಾಗ ಮುಂದಿನ ಸಾಲಿನವರು, ಅವರ ಪುಡ್ಯಾಗ ಅಸ್ಸಾಮಿಂದು, ಕೀನ್ಯಾದ್ದು ಕೂಡಿರ್ತೈತಿ. ಚಹಾದ ಮ್ಯಾಲ ಇಲಿ ನಡದಾಡುವಷ್ಟು ಗಟ್ಟಿ ಇರಬೇಕು ಅಂತಾರಂತ ಅಲ್ಲಿ. ಅಕ್ಕಾರು ಕೆಟಲಿನ್ಯಾಗ ಪುಡಿ ಹಾಕಿ ಕುದಿ ನೀರು ಸುರದು ಕೆಟಲಿಗೆ ಉಣ್ಣೆ ಟೊಪಿಗಿ ಹಾಕಿ ಇಡ್ತಾರ, ಹಾಲು ಬ್ಯಾರೆ. ನಮ್ಮ ಮನಿಯವರು ಇದಕ್ಕ ಸಕ್ರಿ ಹಾಕಿ ಇನ್ನೊಮ್ಮೆ ಕುದಿಸಿಕೊಡ್ರಿ ಅಂದದ್ದಕ್ಕ ನಾ ಟೇಬಲ್ ಕೆಳಗ ಕಾಲು ತುಳದೆ.

ಸರ್ವಿಸ್ ನಿಧಾನ, ಒಂದಕ್ಕ ಕುಂತ್ರ ಏಳೋದು ಮೂರಕ್ಕ. ಒಬ್ಬ ಹುಡುಗ ಬಡಿಸ್ತಾನ, ಅಕ್ಕಾರ ಯಜಮಾನ್ರು ನೀರು ಕೊಡ್ತಾರ, ಅವರು ಮಾತಿಗೆ ಕುಂತ್ರ ನೀರು ಮರತುಬಿಡ್ತಾರ. ಗಾಡಿ ಹಚ್ಚಾಕ ಜಾಗಾ ಇಲ್ಲ, ಕಾರ್ ತಂದವರು ಮೇನ್ ರೋಡಿಗೆ ಬಿಟ್ಟು ನಡಕೊಂಡ ಬರ್ರಿ. ಬಟಾಟಿ, ಬ್ರೆಡ್ಡು, ಮಜ್ಜಗಿ ಎಷ್ಟ ಸಲ ಕೇಳಿದ್ರೂ ಕೊಡ್ತಾರ, ಬೆಣ್ಣಿ ಎರಡನೇ ಸಲಾನೂ ಕೇಳ್ರಿ, ನಾಚಿಕಿ ಬ್ಯಾಡ. ಸ್ಟ್ಯೂ ಒಮ್ಮೆ ಅಷ್ಟ. ಹೋಗೋದಾದ್ರ ಜುಲೈ ಆಗಸ್ಟ್ ಬೆಸ್ಟು, ಹೊರಗ ಬೆಳಗಾವಿ ಜಿಟಿಜಿಟಿ ಮಳಿ, ಒಳಗ ಬಿಸಿ ಬ್ರೆಡ್ಡು, ಮೇಯೋದಾಗೂ ಮಳಿ ಹಿಂಗ ಅಂತಾರ ಅಕ್ಕಾರು. ಆದ್ರ ಶ್ರಾವಣದಾಗ ಇಡೀ ತಿಂಗಳು ನಾನ್‌ವೆಜ್ ಬಂದ್, ಸ್ಟ್ಯೂ ಆಶೆ ಇಟ್ಕೊಂಡ ಹೋಗಬ್ಯಾಡ್ರಿ.

ಬುಕ್ಕಿಂಗ್ ಗುರುವಾರ ರಾತ್ರಿ ಒಳಗ ಮೆಸೇಜ್ ಮಾಡಬೇಕು, ಶನಿವಾರ ಫೋನ್ ಮಾಡಿದವರಿಗೆ ಎಂದೂ ಸಿಕ್ಕಿಲ್ಲ. ಫೋನ್ ಪೇ ನಡೀತೈತಿ. ಪಾರ್ಸಲ್ ಬ್ರೆಡ್ಡಿಗೆ ಅಷ್ಟ, ಒಂದು ಪೂರ್ತಿ ಬ್ರೆಡ್ಡಿಗೆ 180 ರೂಪಾಯಿ, ಅರಬಿಯೊಳಗ ಸುತ್ತಿ ಕೊಡ್ತಾರ, ಆ ಅರಬಿ ಮುಂದಿನ ರವಿವಾರ ಒಗದು ವಾಪಸ್ ಕೊಡಬೇಕು.